ಹೊಟ್ಟೆಯ ಕೆಳಗೆ ಕಳೆದುಹೋದ ತೊಡೆ

ವ್ಯಾಯಾಮ ಮಾಡಿ ಮಾಡಿಯೇ ದಪ್ಪಗಾದ ಮನುಷ್ಯನನ್ನು ನೀವು ನೋಡಿದ್ದೀರಾ? ಇಲ್ಲದಿದ್ದರೆ ಮಾರೇನಹಳ್ಳಿಗೆ, ನಮ್ಮ ಮನೆಗೆ ಬನ್ನಿ, ತೋರಿಸುತ್ತೇನೆ. ಹೆಸರು ಮಾತ್ರ ಕೇಳಬೇಡಿ. ಮದುವೆಯ ದಿನ ಒಡಪು ಕಟ್ಟಿ ಗಂಡನ ಹೆಸರು ಒಂದು ಸಲ ಹೇಳಿದ್ದೇನೆ, ಈ ಜನ್ಮಕ್ಕೆ ಅಷ್ಟು ಸಾಕು.

ನಮ್ಮ ಮನೆಯವರು ನಾಯಂಡಹಳ್ಳಿಯಲ್ಲಿ ಲೇತ್ ಮೆಷಿನ್ ಇಟ್ಟುಕೊಂಡು ಕಬ್ಬಿಣ ಸವೆಸಿದವರು. ಮೆಷಿನ್ ಮಾರಿ ಮನೆಯಲ್ಲಿ ಕೂತ ಮೇಲೆ ಹೊಟ್ಟೆ ಬೆಳೆಯಿತು. ಬೆಳೆಯಲಿ, ನಮ್ಮ ಮನೆಯ ಊಟದ್ದೇ ತಾನೇ ಎಂದು ನಾನೂ ಸುಮ್ಮನಿದ್ದೆ. ಅಷ್ಟರಲ್ಲಿ ದೇವರು ನಮ್ಮ ಒಬ್ಬಳೇ ಮಗಳನ್ನು ಬಹಳ ವರ್ಷ ಕಾಯಿಸಿ, ಕೊನೆಗೂ ಒಂದು ಹೆಣ್ಣು ಕೂಸು ಕೊಟ್ಟ. ಅದರ ಕೆನ್ನೆಯೇನು, ಅದರ ಬೊಚ್ಚುಬಾಯಿಯ ನಗುವೇನು! ಬೇಡ, ಕೂಸಿನ ಸುದ್ದಿಗೆ ಹೋದರೆ ನಾನು ವಾಪಸ್ಸು ಬರುವುದಿಲ್ಲ.

ವಿಷಯ ಇಷ್ಟೇ. ಕಿವಿ ಚುಚ್ಚುವಾಗ ಮಗುವನ್ನು ಸೋದರಮಾವ ತೊಡೆಯ ಮೇಲೆ ಕೂರಿಸಿಕೊಳ್ಳಬೇಕು. ನಮ್ಮ ಮಗಳಿಗೆ ಅಣ್ಣತಮ್ಮಂದಿರಿಲ್ಲ. "ನಾನಿಲ್ವಾ? ನನ್ನ ತೊಡೆ ಇಲ್ವಾ?" ಎಂದರು ಇವರು. ಸರಿ, ಚಾಪೆಯ ಮೇಲೆ ಚಕ್ಕಂಬಕ್ಕಲ ಹಾಕಿಸಿ ಕೂಸನ್ನು ಕೂರಿಸಿ ನೋಡಿದೆವು. ತೊಡೆ ಎಲ್ಲಿದೆ? ಮಂಡಿಯವರೆಗೂ ಹೊಟ್ಟೆಯೇ ಬಂದು ಜಾಗ ಹಿಡಿದಿದೆ! ಕೂಸು ಜಾರುಬಂಡೆಯಿಂದ ಬಂದ ಹಾಗೆ ಸುಯ್ಯನೆ ಜಾರಿ ಚಾಪೆಗೆ ಇಳಿಯಿತು.

"ಅಪ್ಪಾ, ಹಬ್ಬ ಕಳೆದ ಮೇಲೆ ಚುಚ್ಚಿಸೋಣ. ಅಷ್ಟರೊಳಗೆ ಹೊಟ್ಟೆ ಇಳಿಸಿ. ಇಲ್ಲಾಂದ್ರೆ ನಮ್ಮ ಮಾವನವರು ಕೂರಿಸ್ಕೋತಾರಂತೆ" ಎಂದಳು ಮಗಳು. ಅವಳ ಮಾವ ಎಂದರೆ ಕೆಂಗೇರಿಯ ನಮ್ಮ ಬೀಗರು. ಊದುಬತ್ತಿಯ ಹಾಗಿದ್ದಾರೆ. ಇವರ ಮುಖ ನೋಡಬೇಕಿತ್ತು.

ಮಗಳು ಇವರ ಕೈಗೊಂದು ವಾಚು ಕಟ್ಟಿದಳು. ನಡೆದರೆ ಎಷ್ಟು ಕ್ಯಾಲೊರಿ ಕರಗಿತು ಎಂದು ಅದೇ ಹೇಳುತ್ತದಂತೆ. "ತಿನ್ನೋದಕ್ಕಿಂತ ಕರಗಿಸೋದು ಜಾಸ್ತಿ ಇರ್ಬೇಕು ಅಪ್ಪ, ಅಷ್ಟೇ."

"ಅಷ್ಟೇನಾ? ತಿರುಗಿದ್ದು ಸವೀಲೇಬೇಕು ಕಣಮ್ಮ. ಲೇತಲ್ಲಿ ನೋಡಿಲ್ವಾ?" ಎಂದು ಮರುದಿನವೇ ಪಾರ್ಕಿನ ಸುತ್ತ ತಿರುಗಲು ಹೊರಟರು. ತಿರುಗಿದರು, ಸುಳ್ಳು ಹೇಳಬಾರದು. ಆದರೆ ಪಾರ್ಕಿನ ಗೇಟಿನ ಎದುರಿಗೇ ಒಂದು ದರ್ಶಿನಿ ಇದೆಯಲ್ಲ! ಬಂದವರ ಮೀಸೆಯಲ್ಲಿ ತುಪ್ಪ ಹೊಳೆಯುತ್ತಿತ್ತು.

"ಏನ್ರೀ ತಿಂದ್ರಿ?"

"ಮಸಾಲೆ ದೋಸೆ. ಸುತ್ತು ಹಾಕಿದ್ದಕ್ಕೂ ಅದಕ್ಕೂ ಸರಿಹೋಯ್ತು."

"ಮೀಸೇಲಿರೋ ತುಪ್ಪ ದೋಸೇದಲ್ಲ. ಕೇಸರಿಬಾತಿಂದು."

"ಅದು ನಾಳೆ ಹಾಕೋ ಸುತ್ತಿಗೆ ಕಣೇ."

ನಾಳೆ ಮಳೆ ಬಂತು. ನಾಡಿದ್ದು ಮಂಡಿನೋವು. ಕೇಸರಿಬಾತು ಮಾತ್ರ ಆಗಲೇ ಒಳಗೆ ಹೋಗಿ ಕೂತಿತ್ತು.

ಆಮೇಲೆ ಇನ್ನೊಂದು ಉಪಾಯ ಸಿಕ್ಕಿತು. ತೊಟ್ಟಿಲು ತೂಗುತ್ತಾ ಕೂತಿದ್ದಾಗ ವಾಚು ನೋಡಿಕೊಂಡರೆ, ಕೈ ಆಡಿದ್ದನ್ನೇ ಅದು ನಡಿಗೆ ಎಂದು ಎಣಿಸಿಬಿಟ್ಟಿದೆ! ಅಂದಿನಿಂದ ಕೂಸಿಗೆ ನಿದ್ದೆ ಬಂದರೂ ತೂಗಾಟ ನಿಲ್ಲಲಿಲ್ಲ. ಸಂಜೆ ಅಡುಗೆಮನೆಗೆ ಬಂದು, "ದೀಪಾಂಜಲಿ ನಗರದವರೆಗೂ ಹೋಗಿಬಂದಷ್ಟು ಆಗಿದೆ. ಒಬ್ಬಟ್ಟು ಉಳಿದಿದ್ರೆ ಎರಡು ಹಾಕು" ಎಂದರು.

"ತೊಟ್ಟಿಲು ಹೋಗಿಬಂತು. ತೊಟ್ಟಿಲಿಗೆ ಹಾಕ್ತೀನಿ" ಎಂದೆ.

ಹೀಗೇ ನಡೆಯುತ್ತಿದ್ದಾಗ ಒಂದು ಭಾನುವಾರ ಬೀಗರು ಬಂದರು. ಪಾಪ, ಒಳ್ಳೆಯವರು. ಚಾಪೆಯ ಮೇಲೆ ಸಲೀಸಾಗಿ ಕೂತರು. ಕೂಸು ಅಂಬೆಗಾಲಿಟ್ಟು ಹೋಗಿ, ಅವರ ತೊಡೆ ಹತ್ತಿ, ಕುರ್ಚಿಯಲ್ಲಿ ಕೂತ ಹಾಗೆ ಕೂತುಬಿಟ್ಟಿತು. ನಾವೆಲ್ಲ ನಕ್ಕೆವು. ಇವರೂ ನಕ್ಕರು. ರಾತ್ರಿ ಊಟಕ್ಕೆ ಕೂತವರು, "ಮುದ್ದೆ ಅರ್ಧ ಸಾಕು" ಎಂದರು. ನಾನು ಹಣೆ ಮುಟ್ಟಿ ನೋಡಿದೆ. ಜ್ವರ ಇರಲಿಲ್ಲ.

ಮರುದಿನದಿಂದ ವಾಚು ತೊಟ್ಟಿಲಿನ ಹಗ್ಗದಲ್ಲೇ ನೇತಾಡಿತು. ಇವರು ಬರಿಗೈಯಲ್ಲಿ ನಿಜವಾಗಿಯೂ ದೀಪಾಂಜಲಿ ನಗರದವರೆಗೆ ನಡೆದು, ಬನಿಯನ್ ಹಿಂಡುವಷ್ಟು ಬೆವೆತು ಬರುತ್ತಿದ್ದರು. ಮೀಸೆಯಲ್ಲಿ ತುಪ್ಪವಿಲ್ಲ. ತಿಂದದ್ದರ, ನಡೆದದ್ದರ ಮಾತೇ ಇಲ್ಲ. ಮನೆ ಎಷ್ಟು ಬಿಕೋ ಎನ್ನುತ್ತಿತ್ತು ಎಂದರೆ, ನಾನೇ ಒಂದು ದಿನ "ಉಪ್ಪಿಟ್ಟಾದ್ರೂ ಹಾಕಿಸ್ಕೊಳ್ರೀ" ಎಂದು ಗೋಗರೆದೆ.

ಹಬ್ಬ ಕಳೆದು ಆ ದಿನ ಬಂತು. ಹೊಟ್ಟೆ ಪೂರ್ತಿ ಹೋಗಿತ್ತೇ? ಎಲ್ಲಿಯ ಮಾತು! ಆದರೆ ಅಂಗೈಯಗಲದ ತೊಡೆ ಹೊರಗೆ ಬಂದಿತ್ತು. ಕೂಸಿಗೆ ಅಷ್ಟು ಸಾಕಾಯಿತು. ಆಚಾರಿಯವರು ಚಿನ್ನದ ತಂತಿ ಚುಚ್ಚಿದರು. ಕೂಸು ಕಿರುಚಿತು, ತಾತ ಕಣ್ಣು ಮುಚ್ಚಿಕೊಂಡರು. ಎರಡನೇ ಕಿವಿಯೂ ಆದ ಮೇಲೆ ಅದು ಬಿಕ್ಕುತ್ತಾ ಬಿಕ್ಕುತ್ತಾ ಹಿಂದಕ್ಕೆ ತಿರುಗಿ, ಉಳಿದಿದ್ದ ಆ ಹೊಟ್ಟೆಯ ಮೇಲೆಯೇ ಕೆನ್ನೆಯಿಟ್ಟು ಮಲಗಿಬಿಟ್ಟಿತು.

ಎಲೆ ಹಾಕಿದರು. ಯಾರ ಮನೆಯ ಮದುವೆಯಾದರೂ ಮೊದಲ ಪಂಕ್ತಿಯ ಮೊದಲ ಎಲೆ ಹಿಡಿದವರು ಇವರು. ಬೀಗರೇ ಬಂದು ಕರೆದರು. "ನೀವು ಮುಗಿಸ್ಕೊಳ್ಳಿ, ಮಗು ಎದ್ದುಬಿಡುತ್ತೆ" ಎಂದು ಇವರು ಪಿಸುಗುಟ್ಟಿ, ಅಲುಗಾಡದೆ ಕೂತೇ ಇದ್ದರು. ಎರಡನೇ ಪಂಕ್ತಿಯೂ ಎದ್ದಿತು. ಕಾಲು ಜೋಮು ಹಿಡಿದಿದ್ದು ಮುಖದಲ್ಲೇ ಕಾಣುತ್ತಿತ್ತು.

ನಾನು ಒಂದು ಒಬ್ಬಟ್ಟು ತಂದು, ತುಪ್ಪ ಹಚ್ಚಿ, ಮುರಿದು ಬಾಯಿಯ ಹತ್ತಿರ ಹಿಡಿದೆ.

"ಇದಕ್ಕೆ ಎಷ್ಟು ಸುತ್ತು ಹಾಕ್ಬೇಕೇ?" ಎಂದರು ಮೆಲ್ಲಗೆ.

"ಹಾಕಿ ಆಗಿದೆ, ತಿನ್ನಿ" ಎಂದೆ.