ಅತ್ತೆಯಿಲ್ಲದ ಅತ್ತೆಯ ಫೋಟೋ

ಕಲಾತ್ಮಕ ಫೋಟೋಗಳ ವಿಮರ್ಶಕರನ್ನು ಕಂಡರೆ ನನಗೆ ಮೊದಲಿನಿಂದಲೂ ನಗು. ಮೈಸೂರು ಮೈನ್ಸ್ ಚಿನ್ನದ ಗಣಿಯ ಹತ್ತಿರ ನಡೆದ ಫೋಟೋ ಪ್ರದರ್ಶನದಲ್ಲಿ ಒಬ್ಬ ವಿಮರ್ಶಕರು ಮುರಿದ ಬಾಗಿಲಿನ ಫೋಟೋ ಮುಂದೆ ನಿಂತು, ‘ಇದು ಬಾಗಿಲಲ್ಲ, ಬಾಗಿಲಿನ ಸಂದೇಹ’ ಎಂದಾಗ, ಕೆಮ್ಮುವ ನೆಪದಲ್ಲಿ ಹೊರಗೆ ಓಡಿದವನು ನಾನು. ಅವರಿಗೆ ಬುದ್ಧಿ ಕಲಿಸಲೆಂದೇ, ಬಂಗಾರಪೇಟೆ ರೈಲಿನಲ್ಲಿ ಕೈತಪ್ಪಿ ತೆಗೆದ ಖಾಲಿ ಸೀಟಿನ ಮಸುಕು ಫೋಟೋವೊಂದನ್ನು ಕಳಿಸಿದೆ.

‘ಅನುಪಸ್ಥಿತಿಯ ಉಪಸ್ಥಿತಿಯನ್ನು ಕಂಡ ಅಪರೂಪದ ಕಣ್ಣು’ ಎಂದು ಉತ್ತರ ಬಂತು. ನಾನು ನಗಬೇಕಿತ್ತು. ನಗಲಿಲ್ಲ! ಕನ್ನಡಿಯಲ್ಲಿ ನನ್ನ ಕಣ್ಣನ್ನು ನೋಡಿಕೊಂಡೆ. ಅಪರೂಪವಾಗಿಯೇ ಇತ್ತು.

ಆ ವಾರವೇ ನಮ್ಮತ್ತೆ ಕಾಮಸಮುದ್ರದಿಂದ ಬಸ್ಸಿನಲ್ಲಿ ಬಂದರು. ಮಗಳ ಮದುವೆಗೆ ಉಟ್ಟಿದ್ದ ರೇಷ್ಮೆ ಸೀರೆ ಉಟ್ಟು, ಮೂಗುತಿಯನ್ನು ಉಜ್ಜಿ ಹೊಳೆಯಿಸಿಕೊಂಡಿದ್ದರು. ಕಣ್ಣು ಮುಚ್ಚಿದ ಮೇಲೆ ಗೋಡೆಗೆ ಹಾಕಲು ಒಂದು ಒಳ್ಳೆಯ ಫೋಟೋ ಈಗಲೇ ತೆಗೆಸಿಡುವ ಆಸೆ ಅವರಿಗೆ. ಸ್ಟುಡಿಯೋಗೆ ಹೋಗೋಣ ಎಂದಳು ನನ್ನ ಹೆಂಡತಿ ರತ್ನ. ಮನೆಯಲ್ಲೇ ಇಂಥ ಕಣ್ಣಿರುವಾಗ ಸ್ಟುಡಿಯೋವೇ! ಅತ್ತೆಯನ್ನು ವರಾಂಡದ ಕುರ್ಚಿಯಲ್ಲಿ ಕೂರಿಸಿದೆ. ಬೆಳಕು ನೋಡಿದೆ, ನೆರಳು ನೋಡಿದೆ. ಆಮೇಲೆ ಅತ್ತೆಯನ್ನು ಎಬ್ಬಿಸಿ, ಖಾಲಿ ಕುರ್ಚಿಯ ಫೋಟೋ ತೆಗೆದೆ.

ಅತ್ತೆ ಮೊಬೈಲನ್ನು ಕಣ್ಣಿಗೆ ಹತ್ತಿರ ಹಿಡಿದು ಬಹಳ ಹೊತ್ತು ಹುಡುಕಿದರು.

“ಇದ್ರಾಗೆ ನಾನೆಲ್ಲಿವ್ನಿ ಅಳಿಯಂದ್ರೇ?”

ಇಲ್ಲದಿರುವುದರಲ್ಲೇ ಅವರು ಇದ್ದಾರೆ ಎಂದು ಗಂಭೀರವಾಗಿ ವಿವರಿಸಿದೆ.

“ನಾನು ಸತ್ತೋದ್ಮೇಲೆ ಕುರ್ಚಿ ಎಂಗೂ ಇಂಗೇ ಕಾಣ್ತದೆ. ಅದ್ಕೇ ಅಲ್ವಾ ಪೋಟೋ ತೆಗೀರಿ ಅಂದಿದ್ದು?”

ಇನ್ನೊಂದು ತೆಗೆಯಿರಿ ಎಂದು ರತ್ನ ಬೇಡಿಕೊಂಡಳು. ಆದರೆ ಕಲಾವಿದನಿಗೆ ಮುನಿಸು ಬಂದಿತ್ತು. ಮುಂದಿನ ಸಲ ನೋಡೋಣ ಎಂದೆ. ಬಸ್ಸಿಗೆ ಹೊತ್ತಾಯಿತೆಂದು ಅತ್ತೆ ಹೊರಟರು.

ಮುಂದಿನ ಸಲ ಬರಲಿಲ್ಲ. ಸುಗ್ಗಿಯ ಹೊತ್ತಿಗೆ ತೀರಿಕೊಂಡರು. ತಿಥಿಗೆ ಹಾರ ಹಾಕಲು ಫೋಟೋ ಇಲ್ಲ; ಮದುವೆ ಆಲ್ಬಮ್ಮಿನಲ್ಲೂ ಅತ್ತೆಯದು ಗುಂಪಿನ ಹಿಂದಿನ ಅರ್ಧ ಮುಖ! ಕೊನೆಗೆ ಆಧಾರ್ ಕಾರ್ಡಿನದನ್ನೇ ದೊಡ್ಡದು ಮಾಡಿಸಿದೆವು. ಅದರಲ್ಲಿ ಅತ್ತೆ ಕೋಳಿ ಕದ್ದು ಸಿಕ್ಕಿಬಿದ್ದವರ ಹಾಗೆ ಕಾಣುತ್ತಾರೆ. ಮೂಗುತಿಯಂತೂ ಕಾಣುವುದೇ ಇಲ್ಲ. ಊಟಕ್ಕೆ ಬಂದ ನೆಂಟರು ಇದು ಯಾರದು ಎಂದು ಕೇಳಿದರು. ರತ್ನ ನನ್ನ ಕಡೆ ನೋಡಿ, ಬಡಿಸಲು ಹೋದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಕುರ್ಚಿಯ ಫೋಟೋವನ್ನು ವಿಮರ್ಶಕರು ಬಹಳ ಮೆಚ್ಚಿಕೊಂಡಿದ್ದಾರೆ. ಕುರ್ಚಿ ಈಗಲೂ ವರಾಂಡದಲ್ಲೇ ಇದೆ, ಫೋಟೋದಲ್ಲಿರುವ ಹಾಗೆಯೇ, ಖಾಲಿ. ಅದನ್ನು ಕಾಣಲು ಅಪರೂಪದ ಕಣ್ಣೇನೂ ಬೇಕಾಗಿಲ್ಲ.