ಖಾಲಿ ಇಲ್ಲದ ಮೇಷ್ಟ್ರು

ಖಾಲಿ ಅನ್ನೋದಕ್ಕೆ ಇಂಗ್ಲಿಷಿನಲ್ಲಿ ‘ವೇಕೆಂಟ್’ ಅಂತ ಒಂದು ಪದವಿದೆ. ತೊಂಬತ್ತರ ದಶಕದಲ್ಲಿ ಸರಗೂರಿನ ಹೈಸ್ಕೂಲಿನಲ್ಲಿ ನಾನು ಇಂಗ್ಲಿಷ್ ಮೇಷ್ಟ್ರಾಗಿದ್ದಷ್ಟು ದಿನವೂ ಅದು ನನ್ನ ಎದೆ ನಡುಗಿಸುತ್ತಲೇ ಇತ್ತು.

ಬಾಗಿಲ ಮೇಲಿನ ಬೋರ್ಡು

ಕೆ.ಆರ್. ನಗರದಿಂದ ಹೆಂಡತಿ, ಪಾತ್ರೆಪಗಡ ಸಮೇತ ಹೊರಟ ಲಾರಿ ಬಾಡಿಗೆ ಮನೆ ಮುಂದೆ ನಿಂತಿತು. ಬಾಗಿಲ ಮೇಲೆ ದೊಡ್ಡದಾಗಿ ‘ವೆಕೇಟ್’ ಎಂದಿತ್ತು. ಮನೆ ಯಜಮಾನ ಗೌಡರು ‘ಖಾಲಿ ಇದೆ’ ಅನ್ನಲು ಹೋಗಿ ‘ಖಾಲಿ ಮಾಡಿ’ ಅಂತ ಬರೆಸಿದ್ದರು. ಹೆಂಡತಿ ಇಳಿಯಲೇ ಇಲ್ಲ. “ಬರೋಕೆ ಮುಂಚೆನೇ ಬಿಡಿಸ್ತಿದಾರಲ್ರೀ!” ಅಂತ ಅಳುದನಿ ತೆಗೆದಳು.

“ಮೊದಲು ಆ ಬೋರ್ಡು ತೆಗೆಸಿ ಗೌಡ್ರೇ” ಅಂದೆ.

“ಇರ್ಲಿ ಬುಡಿ ಮೇಷ್ಟ್ರೇ, ನೀವು ಬುಟ್ಟೋದ್ಮೇಲೆ ಬೇಕಾಯ್ತದೆ.”

ಪದದ ಮೂಲ

ತಪಾಸಣೆಗೆ ಬಂದ ಇನ್‌ಸ್ಪೆಕ್ಟರು ಒಂಬತ್ತನೇ ಕ್ಲಾಸಿನಲ್ಲಿ ‘ವೇಕೆಂಟ್’ ಅಂದರೇನು ಅಂದರು.

“ಬಸ್ಸಲ್ಲಿ ಸೀಟಿರೋದು ಸಾ” ಅಂದಳು ಮುಂದಿನ ಬೆಂಚಿನ ಹುಡುಗಿ.

“ಈ ಪದ ಬಂದಿದ್ದು ಎಲ್ಲಿಂದ? ನೀವು ಹೇಳಿ” ಅಂತ ಅವರು ನನ್ನ ಕಡೆ ತಿರುಗಿದರು. ನನಗೆ ಗೊತ್ತಿರಲಿಲ್ಲ. ಒರೆಸಿದ ಕರಿಹಲಗೆಯನ್ನೇ ಮತ್ತೊಮ್ಮೆ ಒರೆಸಿದೆ. ಕೊನೆಗೆ ಅವರೇ ಹೇಳಿದರು: “ಲ್ಯಾಟಿನ್ನಿನ ‘ವಕಾರೆ’. ಬರಿದಾಗಿರೋದು ಅಂತ. ರಜೆಗೆ ವೆಕೇಶನ್ ಅನ್ನೋದೂ ಅದರಿಂದಲೇ.”

ಹುಡುಗಿ ಮತ್ತೆ ಎದ್ದಳು. “ಗೊತ್ತಾಯ್ತು ಸಾ! ವಾಕರಿಕೆ ಬಂದ್ರೆ ಒಟ್ಟೆ ಬರಿದಾಯ್ತದಲ್ಲ, ಅಂಗೆ.”

ನನ್ನ ಹುದ್ದೆ

ಬೇಸಿಗೆ ರಜೆ ಮುಗಿಸಿ ಬಂದರೆ, ತಾಲ್ಲೂಕು ಕೇಂದ್ರ ಕೋಟೆಯ ಶಿಕ್ಷಣ ಕಚೇರಿಯಿಂದ ಬಂದ ಪಟ್ಟಿಯಲ್ಲಿ ನನ್ನ ಹುದ್ದೆಯ ಮುಂದೆ ‘ವೇಕೆಂಟ್’! ಆ ಜಾಗಕ್ಕೆ ಬಿಳಿಕೆರೆ ಕಡೆಯ ಮೇಷ್ಟ್ರೊಬ್ಬರು ಆಗಲೇ ಅರ್ಜಿ ಹಾಕಿದ್ದರು. ಹೆಂಡತಿಗೆ ಏಳು ತಿಂಗಳು. ಬಸ್ಸು ಕೋಟೆ ತಲುಪುವಷ್ಟರಲ್ಲಿ ಮನಸ್ಸಿನಲ್ಲೇ ನಾಲ್ಕು ಕಾಡಂಚಿನ ಊರಿಗೆ ನನಗೆ ವರ್ಗವಾಗಿತ್ತು.

“ಸಾರ್, ನಾನು ನಿಮ್ಮೆದುರೇ ನಿಂತಿದ್ದೀನಿ. ನನ್ನ ಹುದ್ದೆ ಹೆಂಗೆ ಖಾಲಿ?” ಅಂತ ಗುಮಾಸ್ತರನ್ನು ಕೇಳಿದೆ.

“ನೀವು ನಿಂತ್ರೆ ಆಯ್ತಾ? ಖಾಲಿ ಇಲ್ಲ ಅಂತ ಹೆಡ್‌ಮಾಸ್ಟರು ಬರ್ಕೊಡ್ಬೇಕು ಕಣ್ರೀ.”

ಸರಗೂರಿಗೆ ವಾಪಸ್ ಓಡಿದೆ. ನನ್ನ ಮುಖ ನೋಡಿ ಹೆಡ್‌ಮಾಸ್ಟರೂ ಗಾಬರಿಯಾಗಿ, ಅವಸರದಲ್ಲಿ ಗೀಚಿ ಲಕೋಟೆ ಅಂಟಿಸಿ ಕೊಟ್ಟರು. ಕೋಟೆಯಲ್ಲಿ ಗುಮಾಸ್ತರು ಗಟ್ಟಿಯಾಗಿ ಓದಿದಾಗಲೇ ಒಳಗೇನಿದೆ ಅಂತ ತಿಳಿದಿದ್ದು:

“ಸದರಿ ಶಿಕ್ಷಕರನ್ನು ಖುದ್ದಾಗಿ ಪರಿಶೀಲಿಸಲಾಗಿ, ಅವರು ಖಾಲಿ ಇರುವುದಿಲ್ಲವೆಂದು ದೃಢೀಕರಿಸಿದೆ.”

ಗುಮಾಸ್ತರು ನಗಲಿಲ್ಲ. ಕಾಗದವನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಮೊಹರು ಒತ್ತಿದರು.

“ಭರ್ತಿ ಆಗಿದ್ದೀರಿ ಮೇಷ್ಟ್ರೇ. ಬಸ್ಸು ಭಾಳ ಕುಲುಕ್ತದೆ, ಚೆಲ್ಲದಂಗೆ ಹೋಗಿ.”