ಗೋಲ್‌ಕೀಪರ್ ಬಿಟ್ಟುಕೊಟ್ಟ ಗೋಲು

ಸಮಾಧಾನ ಹೇಳಲು ಬಂದವರು ನಗಿಸಿ ಹೋಗುವುದು ನಮ್ಮ ಮನೆಯಲ್ಲಿ ಇನ್ನೂ ನಿಂತಿಲ್ಲ. ತಾವು ನಗಿಸಿದೆವೆಂಬುದು ಮಾತ್ರ ಅವರಿಗೆ ಗೊತ್ತಿರುವುದಿಲ್ಲ.

2022ರ ಒಂದು ಮಂಗಳವಾರ ನಮ್ಮವರು ಕಾಫಿ ಕುಡಿದು, ಕಸದ ಡಬ್ಬಿಯನ್ನು ರಸ್ತೆಗೆ ಎಳೆದಿಟ್ಟು, ಆಫೀಸಿಗೆಂದು ಕಾರಿನಲ್ಲಿ ಕುಳಿತರು. ಕಾರು ಗ್ಯಾರೇಜಿನಿಂದ ಹೊರಗೆ ಬರಲಿಲ್ಲ. ಸೀಟಿನಲ್ಲೇ ಹೃದಯ ನಿಂತಿತ್ತು.

ಐವತ್ತು ದಾಟಿದ ಮೇಲೆ ಅವರು ಮಂಜುಗಡ್ಡೆಯ ಮೇಲಾಡುವ ‘ಐಸ್ ಹಾಕಿ’ ಆಟ ಕಲಿತಿದ್ದರು. ಕಲಿಸಿದ ಅಮೆರಿಕನ್ ಕೋಚ್, ಲಾಸ್ ಏಂಜಲಿಸ್‌ನಲ್ಲಿ ವರ್ಷಗಟ್ಟಲೆ ವೃತ್ತಿಪರ ಗೋಲ್‌ಕೀಪರ್ ಆಗಿದ್ದು, ನಿವೃತ್ತರಾಗಿ ನಾವಿರುವ ಸ್ಯಾನ್ ಡಿಯಾಗೊಕ್ಕೆ ಬಂದವರು. ಒಂದು ಶನಿವಾರ ನಮ್ಮವರು ಅವರ ಮೇಲೆಯೇ ಗೋಲು ಹೊಡೆದರು. ಕೋಚ್ ಆ ಪಕ್ಕನ್ನು, ಅಂದರೆ ಈ ಆಟದಲ್ಲಿ ಚೆಂಡಿನ ಬದಲಿಗಿರುವ ಕಪ್ಪು ರಬ್ಬರಿನ ಬಿಲ್ಲೆಯನ್ನು, ಇವರಿಗೇ ಕೊಟ್ಟರು. ಯಾರೂ ನಂಬಲಿಲ್ಲ. "ಪಾಪ ಅಂತ ಬಿಟ್ಟುಕೊಟ್ಟಿರ್ತಾರೆ ಬಿಡಿ" ಎಂದರು. ಇವರು ಕೊನೆಯವರೆಗೂ "ಇಲ್ಲ, ನಾನೇ ಹೊಡೆದದ್ದು" ಎನ್ನುತ್ತಿದ್ದರು. ಕೋಚ್‌ರನ್ನು ಕೇಳುವ ಧೈರ್ಯ ನನಗೂ ಇರಲಿಲ್ಲ.

ಸನ್ಮಾನ

ಇವರು ತೀರಿಕೊಂಡ ವರ್ಷದ ರಾಜ್ಯೋತ್ಸವಕ್ಕೆ ಕೋಚ್‌ರನ್ನು ಕರೆತನ್ನಿ ಎಂದು ಕನ್ನಡ ಸಂಘದ ಅಧ್ಯಕ್ಷರು ದುಂಬಾಲು ಬಿದ್ದರು. ಪರಿಚಯ ಬರೆದುಕೊಟ್ಟೆ. ಅವರು ಓದಲಿಲ್ಲ. "ಭಾರತದ ಹಾಕಿಯನ್ನು ಮಂಜುಗಡ್ಡೆಯ ಮೇಲೂ ಬೆಳಗಿಸಿದ ಮಹನೀಯರು!" ಎಂದು ಶಾಲು ಹೊದಿಸಿದರು. ಮೈಸೂರು ಪೇಟ ಆ ತಲೆಗೆ ಹಿಡಿಸದೆ ಮೇಲೆಯೇ ಕುಳಿತಿತು. ಆಮೇಲೆ ಅಧ್ಯಕ್ಷರು ತಮ್ಮ ಸಾಧನೆಗಳನ್ನು ವಿಸ್ತಾರವಾಗಿ ಹೇಳಿದರು. ಅತಿಥಿ ಮೈಕಿನ ಮುಂದೆ ನಿಲ್ಲುವುದಕ್ಕೂ ಬಿಸಿಬೇಳೆಬಾತ್ ಬರುವುದಕ್ಕೂ ಸರಿಹೋಯಿತು. ಸಭಾಂಗಣ ಖಾಲಿ.

ಕೋಚ್ ನನ್ನ ಕಡೆ ಬಾಗಿ ಹೇಳಿದರು: "ನಾನು ಹೀನಾಯವಾಗಿ ಸೋತ ದಿನವೂ ಜನ ಇಷ್ಟು ಬೇಗ ಎದ್ದುಹೋಗಿರಲಿಲ್ಲ."

ತಜ್ಞರು

ಕಲ್ವರ್ ಸಿಟಿಯ ಒಂದು ಗೃಹಪ್ರವೇಶದಲ್ಲಿ ಬೆಂಗಳೂರಿನ ಎಂಜಿನಿಯರ್ ಒಬ್ಬರು ನನಗೆ ವಿವರಿಸಿದರು.

"ಟೆಕ್ನಿಕಲಿ ನೋಡಿದ್ರೆ ಅಂಕಲ್‌ಗೆ ಚಾನ್ಸೇ ಇಲ್ಲ, ಆಂಟಿ. ಆ ಲೆವೆಲ್ ಗೋಲ್‌ಕೀಪರ್ ರಿಫ್ಲೆಕ್ಸ್ ಬೇರೇನೇ."

"ನೀವು ಆಡ್ತೀರಾ?"

"ವಿಡಿಯೋ ಗೇಮ್‌ನಲ್ಲಿ ಆಡಿದೀನಿ."

"ಗೆದ್ದಿದ್ದೀರಾ?"

"ಈಸಿ ಮೋಡ್‌ನಲ್ಲಿ ಒಂದ್ಸಲ ಡ್ರಾ ಆಗಿತ್ತು."

ಅಭಿಷೇಕ

ವರ್ಷ ತುಂಬಿದ ಮೇಲೆ ಮನೆಯಲ್ಲೊಂದು ಪೂಜೆ ಇಟ್ಟು ಕೋಚ್‌ರನ್ನೂ ಊಟಕ್ಕೆ ಕರೆದೆ. ನಾರ್ತ್‌ರಿಜ್‌ನಿಂದ ನಮ್ಮವರ ಅಣ್ಣ ಬಂದರು. ಅವರಿಗೆ ಗೊತ್ತಿಲ್ಲದ ಶಾಸ್ತ್ರವಿಲ್ಲ. ನಮ್ಮವರ ಫೋಟೋದ ಮುಂದಿದ್ದ ಪಕ್ಕನ್ನು ಕಂಡು ಹೌಹಾರಿದರು.

"ಏನಮ್ಮಾ ಇದು, ಸಾಲಿಗ್ರಾಮಾನ ಟಿವಿ ಪಕ್ಕ ಇಡ್ತಾರಾ?"

"ಭಾವ, ಅದು..."

"ನಂಗೆ ಹೇಳ್ಕೊಡ್ಬೇಡ. ಚಕ್ರ ಎಷ್ಟು ಸ್ಪಷ್ಟವಾಗಿದೆ ನೋಡು!"

ಅದು ಕಂಪನಿಯ ಅಳಿದ ಮುದ್ರೆ. ಗಂಡಕಿ ನದಿಯಲ್ಲಿ ರಬ್ಬರಿನ ಸಾಲಿಗ್ರಾಮ ಸಿಗುವುದಿಲ್ಲವೆಂದು ಹೇಳಲು ಅವರು ನನಗೆ ಅವಕಾಶವನ್ನೇ ಕೊಡಲಿಲ್ಲ. ಹಾಲೆರೆದರು, ಗಂಧ ಹಚ್ಚಿದರು, ತುಳಸಿ ಏರಿಸಿದರು. ಅಷ್ಟರಲ್ಲಿ ಕೋಚ್ ಬಂದರು. ಭಾವ ಅವರ ಕೈಗೂ ತೀರ್ಥ ಹಾಕಿ, ಇಂಗ್ಲಿಷಿನಲ್ಲಿ ಗಂಭೀರವಾಗಿ ಕೇಳಿದರು:

"ಇದು ಏನು ಅಂತ ನಿಮಗೆ ಗೊತ್ತಾ?"

"ಗೊತ್ತು. ನಾನೇ ಕೊಟ್ಟಿದ್ದು" ಎಂದರು ಕೋಚ್, ತೀರ್ಥ ಕುಡಿದು.

ಭಾವನ ಕೈಯಲ್ಲಿದ್ದ ಉದ್ಧರಣೆ ಅಲ್ಲೇ ನಿಂತಿತು. ನಾನು ಎಲ್ಲ ಹೇಳಿದೆ. ಅವರು ಸೋಲುವವರಲ್ಲ. "ಏನೇ ಆಗ್ಲಿ, ನನ್ನ ತಮ್ಮನಿಗೆ ಗೋಲು ಬಿಟ್ಟುಕೊಟ್ಟಿದ್ದು ನಿಮ್ಮ ದೊಡ್ಡ ಗುಣ" ಎಂದು ಕೋಚ್‌ರ ಬೆನ್ನು ತಟ್ಟಿದರು.

ಕೋಚ್‌ರ ಮುಖ ಕೆಂಪಾಯಿತು. "ಬಿಟ್ಟುಕೊಡೋದಾ? ನನ್ನ ಮಗಳು ಆರು ವರ್ಷದವಳಿದ್ದಾಗ ಅವಳಿಗೂ ಒಂದು ಬಿಟ್ಟುಕೊಟ್ಟಿಲ್ಲ. ಆ ಶನಿವಾರ ಬೇಸರಕ್ಕೆ ನಾನು ಊಟವನ್ನೇ ಮಾಡಲಿಲ್ಲ!"

ಪಕ್ ಈಗ ದೇವರ ಮನೆಯಲ್ಲಿದೆ.